ತಗಚೆ ಬಯಲಿನ ಹುಲ್ಲುಹಳದಿ

ಹುಬ್ಬಳ್ಳಿ-ಧಾರವಾಡದ ಹೊಲದ ಬದು, ಕೆರೆಯಂಗಳ, ಖಾಲಿ ಬಿದ್ದ ನಿವೇಶನಗಳಲ್ಲಿ ಮೊಣಕಾಲೆತ್ತರಕ್ಕೆ ಹಾರಾಡುವ ನಿಂಬೆಹಳದಿ ಪಾತರಗಿತ್ತಿಯೇ ಹುಲ್ಲುಹಳದಿ. ಲಿನೇಯಸ್ 1758ರಲ್ಲಿ ವಿವರಿಸಿದ ಈ ಪ್ರಭೇದಕ್ಕೆ ಈಗ ಯುರೇಮಾ ಹೆಕಬೆ ಎಂಬ ಹೆಸರಿದೆ. ಬಿಚ್ಚಿದ ರೆಕ್ಕೆಯ ಅಗಲ 4ರಿಂದ 5 ಸೆಂ.ಮೀ. ವರ್ಷದ ಯಾವ ತಿಂಗಳಲ್ಲಾದರೂ ಕಾಣಸಿಗುವ ಚಿಟ್ಟೆಯಿದು. ಋತುವಿನೊಡನೆ ಬದಲಾಗುವುದು ಅದರ ಸಂಖ್ಯೆ ಮತ್ತು ಉಡುಗೆ.

ಸಂಖ್ಯೆಯ ಏರಿಳಿತವನ್ನು ಬಹುಮಟ್ಟಿಗೆ ತಗಚೆ ಗಿಡವೇ ನಿರ್ಧರಿಸುತ್ತದೆ. ರೈತರಿಗೆ ಬೇಡವಾದ ಈ ಕಳೆ ಮುಂಗಾರಿನ ಮೊದಲ ಮಳೆಗಳಿಗೆ ದಟ್ಟವಾಗಿ ಏಳುತ್ತದೆ. ಹೆಣ್ಣು ಅದರ ಎಳೆ ಎಲೆಗೆ ಕದಿರಿನಾಕಾರದ ಬಿಳಿ ಮೊಟ್ಟೆಗಳನ್ನು ಒಂದೊಂದಾಗಿ ಅಂಟಿಸುತ್ತದೆ. ಎಲೆಯ ಬಣ್ಣವನ್ನೇ ಹೊತ್ತ ಹಸಿರು ಹುಳು ಮಧ್ಯನರದ ಉದ್ದಕ್ಕೆ ಮಲಗಿದರೆ ಪಕ್ಕದ ಬಿಳಿಗೆರೆಯೊಂದೇ ಅದರ ಗುರುತು. ಮೊಟ್ಟೆ ಚಿಟ್ಟೆಯಾಗಲು ಬೆಚ್ಚನೆಯ ದಿನಗಳಲ್ಲಿ ಮೂರು-ನಾಲ್ಕು ವಾರ ಸಾಕು. ಒಂದೇ ಮಳೆಗಾಲದಲ್ಲಿ ಹಲವು ತಲೆಮಾರು ಉರುಳುವುದರಿಂದ ಹಿಂಗಾರಿ ಜೋಳ ಬಿತ್ತುವ ಹೊತ್ತಿಗೆ ಬಯಲು ತುಂಬ ಹಳದಿಯ ಸಡಗರ. ತಗಚೆ ಕಾಯಿ ಬಲಿತು ಒಣಗಿದ ಮೇಲೆ ಬಾಗೆ, ವಿಲಾಯತಿ ಹುಣಸೆಯಂಥ ಮರಗಳ ಚಿಗುರೇ ಹುಳುಗಳಿಗೆ ಗತಿ.

ಈ ಚಿಟ್ಟೆ ರೆಕ್ಕೆ ಮಡಚಿಯೇ ಕೂರುತ್ತದೆ. ಆದ್ದರಿಂದ ಉಡುಗೆಯನ್ನು ಓದಬೇಕಾದದ್ದು ರೆಕ್ಕೆಯ ಅಡಿಭಾಗದಲ್ಲಿ. ಮಳೆಗಾಲದಲ್ಲಿ ಹುಟ್ಟಿದವಕ್ಕೆ ಅಡಿಭಾಗ ಬಹುತೇಕ ಸಾದಾ ಹಳದಿ. ಮೇಲ್ಭಾಗದ ಕಪ್ಪಂಚು ಅಗಲವಾಗಿದ್ದು, ಹಿಂದಿನಿಂದ ಬೆಳಕು ಬಿದ್ದರೆ ಮಡಚಿದ ರೆಕ್ಕೆಯಲ್ಲೂ ಮಬ್ಬಾಗಿ ತೋರುತ್ತದೆ. ಒಣಗಾಲದವಕ್ಕೆ ಆ ಅಂಚು ಕಿರಿದು, ಅಡಿಯಲ್ಲಿ ತುಕ್ಕುಬಣ್ಣದ ಮಚ್ಚೆಗಳು. ಒಣಹುಲ್ಲಿನ ನಡುವೆ ಕೂತಾಗ ಹಣ್ಣೆಲೆಯೆಂದೇ ಭ್ರಮೆ ಹುಟ್ಟಿಸುವ ವೇಷವಿದು. ಎರಡೂ ಬಗೆಯ ನಡುವಿನ ರೂಪಗಳೂ ಇವೆ. ಮಳೆ ಹಿಂದೆ ಸರಿಯುವ ವಾರಗಳಲ್ಲಿ ಅವನ್ನು ಹುಡುಕಬಹುದು.

ಉಡುಗೆ ತೀರ್ಮಾನವಾಗುವುದು ಹುಳುವಾಗಿದ್ದಾಗ. ಜಪಾನಿನಲ್ಲಿ ಹುಲ್ಲುಹಳದಿಗಳ ಮೇಲೆ ನಡೆದ ಪ್ರಯೋಗಗಳಲ್ಲಿ ಹಗಲಿನ ಉದ್ದ ಮತ್ತು ಉಷ್ಣಾಂಶ ಇದರ ಹಿಂದಿರುವುದು ಕಂಡುಬಂದಿದೆ. ಟೋಕಿಯೊದಲ್ಲಿ ಬೇಸಿಗೆ, ಚಳಿಗಾಲದ ಹಗಲುಗಳಿಗೆ ಸುಮಾರು ಐದು ತಾಸಿನ ಅಂತರ, 15.5 ಡಿಗ್ರಿ ಅಕ್ಷಾಂಶದ ಧಾರವಾಡದಲ್ಲಿ ಎರಡು ತಾಸೂ ಇಲ್ಲ. ಜಪಾನಿನ ಲೆಕ್ಕವನ್ನು ಇಲ್ಲಿಗೆ ಹಾಗೆಯೇ ತಂದು ಕೂರಿಸುವುದು ಸರಿಯಾಗದು.

ನೋಡುವವರು ಜೊತೆಗಾರರನ್ನೂ ಬೇರ್ಪಡಿಸಬೇಕು. ಮುಂರೆಕ್ಕೆಯ ಅಡಿಯಲ್ಲಿ, ಬುಡದತ್ತ ಇರುವ ನರಗಳ ನಡುವಿನ ಕೋಶದಲ್ಲಿ ಎರಡು ಗುರುತುಗಳಿದ್ದರೆ ಸಾಮಾನ್ಯ ಹುಲ್ಲುಹಳದಿ. ಮೂರಿದ್ದರೆ ಮೊಟ್ಟೆಗಳನ್ನು ಗುಂಪಾಗಿ ಇಡುವ ಯುರೇಮಾ ಬ್ಲಾಂಡಾ.