ಉಳಿತಾಯ ನಮ್ಮದು, ಊರಿಗೆಲ್ಲ ಯಾಕೆ ಪ್ರಚಾರ?

ಮಂಗಳೂರು ಕಡೆ ಚೀಟಿ, ಕಾಸರಗೋಡು ಕಡೆ ಕುರಿ, ಬೆಳಗಾವಿಯಲ್ಲಿ ಭಿಶಿ. ಹೆಸರು ಮೂರಾದರೂ ವ್ಯವಹಾರ ಒಂದೇ. ಹತ್ತು ಹದಿನೈದು ಮಂದಿ ತಿಂಗಳಿಗೆ ಇಷ್ಟು ಅಂತ ಹಣ ಹಾಕುತ್ತಾರೆ, ಒಟ್ಟಾದ ಮೊತ್ತವನ್ನು ಪ್ರತಿ ತಿಂಗಳು ಒಬ್ಬರು ಪಡೆಯುತ್ತಾರೆ. ಮಗ್ಗದ ಕೆಲಸದವರೂ ಉದ್ಯಮಬಾಗದ ಕಾರ್ಖಾನೆಗಳಿಗೆ ಹೋಗುವವರೂ ಇರುವ ಅನಗೋಳದಲ್ಲಿ ಎಷ್ಟೋ ಮನೆಗಳ ಶಾಲೆ ಫೀಸು, ಆಸ್ಪತ್ರೆ ಬಿಲ್ಲು, ಮದುವೆ ಖರ್ಚು ಇದರಿಂದಲೇ ತೂಗುತ್ತದೆ. ಹರಾಜು ಕೂಗದೆ ಪಾಳಿ ಪ್ರಕಾರ ಕೊಡುವ ಭಿಶಿಯಲ್ಲಿ ಬಡ್ಡಿಯ ಮಾತೂ ಬರುವುದಿಲ್ಲ.

ಮೊದಲು ಇದರ ಲೆಕ್ಕ ನಡೆಸುವವರ ಮನೆಯ ಕಪಾಟಿನಲ್ಲಿ, ಒಂದು ನೋಟ್‌ಬುಕ್ಕಿನಲ್ಲಿ ಇರುತ್ತಿತ್ತು. ಈಗ ವಾಟ್ಸಾಪ್ ಗ್ರೂಪಿಗೆ ಬಂದಿದೆ. ಯಾರು ಕೊಟ್ಟರು, ಯಾರದು ಬಾಕಿ, ಈ ತಿಂಗಳು ಯಾರ ಪಾಳಿ, ಎಲ್ಲವೂ ಅಲ್ಲೇ. ಅನುಕೂಲ ಇಲ್ಲ ಅನ್ನುವುದಿಲ್ಲ. ಸಾಲದ ವ್ಯವಹಾರ ಬರೆದಿಡಬೇಕು ಎಂದು ದೀನ್ ಕೂಡ ಹೇಳುತ್ತದೆ. ಆ ಬಗ್ಗೆ ಇರುವ ಅಲ್ ಬಖರ ಸೂರಃದ 282ನೇ ಆಯತ್ ಇಡೀ ಕುರ್‌ಆನಿನಲ್ಲೇ ಅತ್ಯಂತ ಉದ್ದದ ಆಯತ್. ಆದರೆ ಬರೆದಿಡುವುದು ಬೇರೆ, ಬೀದಿಗಿಡುವುದು ಬೇರೆ.

ಹಣ ಕಳಿಸಿದ ಮೇಲೆ ನಾವು ಗ್ರೂಪಿಗೆ ಹಾಕುವ ಸ್ಕ್ರೀನ್‌ಶಾಟನ್ನೇ ನೋಡಿ. ಹೆಸರು, ಯುಪಿಐ ಐಡಿ, ಬ್ಯಾಂಕ್, ಖಾತೆಯ ಕೊನೆಯ ಅಂಕೆಗಳು ಅದರಲ್ಲಿ ಕಾಣುವುದುಂಟು. ಗ್ರೂಪಿನಲ್ಲಿ ಎಲ್ಲರ ಮೊಬೈಲ್ ನಂಬರ್ ಎಲ್ಲರಿಗೂ ಸಿಗುತ್ತದೆ. ಒಬ್ಬರು ಫಾರ್ವರ್ಡ್ ಮಾಡಿದರೆ ಸಾಕು, ಮೋಸಗಾರನಿಗೆ ಬೇಕಾದ್ದೆಲ್ಲ ಸಿಕ್ಕಿತು. "ಅಕ್ಕಾರ, ನಿಮ್ಮ ಭಿಶಿ ರೊಕ್ಕ ಹಾಕೋದೈತಿ, ಪಿನ್ ಒತ್ತ್ರಿ" ಅಂತ ಹೆಸರು ಹಿಡಿದು ಕರೆದರೆ ಯಾರು ತಾನೇ ನಂಬುವುದಿಲ್ಲ? ನೆನಪಿರಲಿ, ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಾಗಿಲ್ಲ. ಮೋಸ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಮೋಸಗಾರನಾದರೂ ದೂರದವನು. ಹತ್ತಿರದವರ ಕಣ್ಣು ಇನ್ನೂ ಕಷ್ಟ. ಹೊಲಿಗೆ ಮಾಡಿ ಮಗಳ ಕಾಲೇಜಿಗೆಂದು ಭಿಶಿ ಹಾಕಿದ ವಿಧವೆಯ ಪಾಳಿ ಬಂತು ಅಂತಿಟ್ಟುಕೊಳ್ಳಿ. ಗ್ರೂಪಿನಲ್ಲಿ ಅಭಿನಂದನೆ, ಹೂವಿನ ಚಿತ್ರ. ಸಂಜೆಗೇ ಬಾಗಿಲಲ್ಲಿ ಸಂಬಂಧಿಕರು: "ವೈನಿ, ರೊಕ್ಕ ಬಂತಂತಲ್ಲ, ಒಂದ್ ಹತ್ತು ಸಾವಿರ ಕೈಗಡ ಕೊಡ್ರಿ." ಇಲ್ಲ ಅನ್ನಲು ಆಗದು, ಕೊಟ್ಟರೆ ಮಗಳ ಫೀಸಿಲ್ಲ. ಇನ್ನೊಬ್ಬಳದು ಎರಡು ಕಂತು ಬಾಕಿ. ಅವಳ ಹೆಸರಿನ ಮುಂದೆ ಕೆಂಪು ಗುರುತು, ಓಣಿಯವರೆಲ್ಲ ನೋಡುವಂತೆ. ಅಮ್ಮಂದಿರು ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಿದ್ದದ್ದು ಯಾರನ್ನೋ ವಂಚಿಸಲಿಕ್ಕಲ್ಲ. ಆ ಗುಟ್ಟೇ ಅವರ ಬಲವಾಗಿತ್ತು.

ಇದಕ್ಕೆ ಈಗ ಕ್ಯಾಮೆರಾವೂ ಸೇರಿದೆ. 2023ರ ಆಗಸ್ಟ್ 30ರಂದು ಶುರುವಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ 2,000 ರೂಪಾಯಿಯನ್ನು ಕೂಡಿಟ್ಟು ನಮ್ಮ ಜಿಲ್ಲೆಯ ಅಜ್ಜಿಯೊಬ್ಬರು 2024ರಲ್ಲಿ ಊರಿಗೆಲ್ಲ ಹೋಳಿಗೆ ಊಟ ಹಾಕಿಸಿದ್ದು ರಾಜ್ಯವೇ ನೋಡಿದ ಸುದ್ದಿ. ಗದಗ ಜಿಲ್ಲೆಯ ಅತ್ತೆ ಸೊಸೆ ಕೊಳವೆಬಾವಿ ಕೊರೆಸಿದ್ದೂ ಹಾಗೆಯೇ. ಅದೇ ವರ್ಷ ಬೆಳಗಾವಿಯವರೇ ಆದ ಸಚಿವೆ ಲಕ್ಷ್ಮೀ ಹೆಬ್ಬಾಳ್ಕರ್, ಗೃಹಲಕ್ಷ್ಮಿ ಹಣದಿಂದ ಆದ ಅನುಕೂಲದ ಬಗ್ಗೆ ರೀಲ್ಸ್ ಮಾಡಿದವರಿಗೆ ಬಹುಮಾನ ಎಂದರು. ಇಂಥ ಸುದ್ದಿ ಕೇಳಿ ಉಳಿದವರಿಗೂ ಹುರುಪು ಬರುತ್ತದೆ, ಅದು ಒಳ್ಳೆಯದೇ. ಮನಸಾರೆ ಹೇಳಿಕೊಂಡವರದು ಸರಿ. ಆದರೆ ಮೈಕು ಮುಂದೆ ಹಿಡಿದಾಗ ಒಲ್ಲೆ ಅನ್ನಲು ಎಲ್ಲರಿಗೂ ಬರುವುದಿಲ್ಲ. ಕ್ಯಾಮೆರಾದವರು ಹೊರಟುಹೋಗುತ್ತಾರೆ, ಆಕೆ ಅದೇ ಓಣಿಯಲ್ಲಿ ಬಾಳಬೇಕು.

ಕಾನೂನು ಏನು ಹೇಳುತ್ತದೆ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಆದರೆ ವ್ಯಕ್ತಿಯೊಬ್ಬರು ಸ್ವಂತ ಅಥವಾ ಮನೆ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿಗೆ ಆ ಕಾಯ್ದೆ ಅನ್ವಯವಾಗುವುದಿಲ್ಲ. ನಾವೇ ಬಹಿರಂಗ ಮಾಡಿದ ಮಾಹಿತಿಗೂ ಅಷ್ಟೇ. ಅಂದರೆ ನಮ್ಮ ರೀಲ್ಸಿಗೆ ಆ ಕಾಯ್ದೆಯ ಕಾವಲಿಲ್ಲ. ಕಾಯಬೇಕಾದವರು ನಾವೇ.

ದೀನಿನಲ್ಲಿ ಇದಕ್ಕೆ ಹಳೆಯ ಮಾತಿದೆ: ಅಮಾನತ್. ನಂಬಿ ಕೊಟ್ಟ ಹಣ ಮಾತ್ರವಲ್ಲ, ನಂಬಿ ಹೇಳಿದ ಸಂಗತಿಯೂ ಅಮಾನತ್. ಇನ್ನೊಬ್ಬರ ಗುಟ್ಟು ಕೆದಕುವುದನ್ನೂ ಬೆನ್ನಹಿಂದೆ ಆಡಿಕೊಳ್ಳುವುದನ್ನೂ ಅಲ್ ಹುಜುರಾತ್ ಸೂರಃ ಒಂದೇ ಆಯತಿನಲ್ಲಿ ನಿಷೇಧಿಸಿದೆ.

ಹಾಗಾದರೆ ಭಿಶಿ ನಡೆಸುವವರು ಏನು ಮಾಡಬೇಕು? ಸದಸ್ಯರಲ್ಲದವರನ್ನು ಗ್ರೂಪಿಗೆ ಸೇರಿಸಬಾರದು. ಸ್ಕ್ರೀನ್‌ಶಾಟನ್ನು ನಡೆಸುವವರಿಗೆ ಮಾತ್ರ ಕಳಿಸಲಿ, ಗ್ರೂಪಿನಲ್ಲಿ "ಬಂತು" ಎಂದಷ್ಟೇ ಬರೆದರೆ ಸಾಕು. ಬಾಕಿ ಇದ್ದವರಿಗೆ ಒಬ್ಬರೇ ಇದ್ದಾಗ ಹೇಳಬೇಕು. ಆಧಾರ್ ಪ್ರತಿ ಬೇಕೇ ಆದರೆ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಮಾಸ್ಕ್ ಮಾಡಿದ ಪ್ರತಿ ಸಿಗುತ್ತದೆ. ಫೋಟೊ, ವಿಡಿಯೊ ಹಾಕುವ ಮೊದಲು ಕೇಳಬೇಕು. ಸುಮ್ಮನಿದ್ದರೆ ಒಪ್ಪಿದಂತಲ್ಲ.

ಲೆಕ್ಕ ಮುಚ್ಚಿಡಿ ಎಂದು ನಾವು ಹೇಳುತ್ತಿಲ್ಲ. ಹಣ ಹಾಕಿದ ಪ್ರತಿಯೊಬ್ಬರಿಗೂ ಪೈಸೆ ಪೈಸೆಯ ಲೆಕ್ಕ ಕೇಳುವ ಹಕ್ಕಿದೆ. ಹಾಕದವರಿಗೆ ಒಂದು ಪೈಸೆಯ ಸುದ್ದಿಯೂ ಬೇಕಾಗಿಲ್ಲ.