ಮೊದಲು ಪ್ರೀತಿ, ಆಮೇಲೆ ತಾಳ್ಮೆ

ಮಿನಿ ಪ್ರಾಜೆಕ್ಟ್ ರಿವ್ಯೂ ಹಿಂದಿನ ರಾತ್ರಿ ಗೆಳೆಯ ಕೈತಪ್ಪಿ ಕೋಡ್ ಡಿಲೀಟ್ ಮಾಡಿಬಿಟ್ಟ. ಎಲ್ಲರೆದುರು ಬೈದೆ. ಮೂರು ವಾರ ಮಾತು ಬಿಟ್ಟೆ.

ಭಾನುವಾರ ಚರ್ಚ್‌ನಲ್ಲಿ ಪೌಲನು ಕೊಲೊಸ್ಸೆಯವರಿಗೆ ಬರೆದ ಪತ್ರದ 3ನೇ ಅಧ್ಯಾಯ ಓದಿದರು. ಕನಿಕರ, ದಯೆ, ದೀನತೆ, ಸೌಮ್ಯತೆ, ತಾಳ್ಮೆ. ಈ ಐದನ್ನೂ ಬಟ್ಟೆಯಂತೆ ತೊಡಿ ಎನ್ನುತ್ತಾನೆ ಪೌಲ. ಅದಕ್ಕೂ ಮೊದಲೇ, ನೀವು ದೇವರಿಗೆ ಪ್ರಿಯರು ಎಂದು ನೆನಪಿಸುತ್ತಾನೆ. ಒಳ್ಳೆಯವನಾದ ಮೇಲೆ ಪ್ರೀತಿ ಸಿಗುತ್ತದೆ ಎಂದುಕೊಂಡಿದ್ದ ನನಗೆ ಈ ಕ್ರಮವೇ ಹೊಸದು.

ಅಮ್ಮ ನೆನಪಾದಳು. ಗಣಿತದಲ್ಲಿ ನಾನು ಫೇಲಾದ ದಿನ ಏನೂ ಕೇಳದೆ ಊಟ ಬಡಿಸಿದ್ದಳು. ಓದಬೇಕು ಅನ್ನಿಸಿದ್ದು ಆಮೇಲೆಯೇ.

ಸಂಜೆ ಗೆಳೆಯನ ರೂಮಿನ ಬಾಗಿಲು ತಟ್ಟಿದೆ. ‘ಸಾರಿ ಮಗಾ’ ಎಂದೆ. ಅವನು ಮಂಚದ ಮೇಲೆ ಸರಿದು ಜಾಗ ಕೊಟ್ಟ.

ಸಿಟ್ಟು ಈಗಲೂ ಬರುತ್ತದೆ. ಅಂಗಿಯಂತೆ ತಾಳ್ಮೆಯನ್ನೂ ದಿನಾ ತೊಡಬೇಕು.