ಪರೀಕ್ಷೆಯ ಚೀಟಿಗೂ ಒಂದು ಪುಸ್ತಕವಿರಲಿ



ಮಲೆನಾಡಿನ ಕಾಫಿ ಬೆಳೆಗಾರರ ಮನೆಯಲ್ಲಿ ಮಳೆಯ ಪುಸ್ತಕ ಇಲ್ಲದಿರುವುದು ಅಪರೂಪ. ಹೂಮಳೆ ಯಾವ ದಿನ ಬಂತು, ಎಷ್ಟು ಇಂಚು ಬಿತ್ತು ಎಂಬುದನ್ನು ಅಜ್ಜನ ಕಾಲದಿಂದಲೂ ಬರೆದಿಟ್ಟಿರುತ್ತಾರೆ. ಆದರೆ ಯಜಮಾನರ ಹೋದ ವರ್ಷದ ರಕ್ತಪರೀಕ್ಷೆಯ ಕಾಗದ ಕೇಳಿ, ಮನೆಯೆಲ್ಲ ಹುಡುಕಬೇಕು. ನಮ್ಮ ಕಡೆಯ ಅಡಿಕೆಯವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಚಿಂತಾಮಣಿಯಲ್ಲೊಮ್ಮೆ, ಗೌರಿಬಿದನೂರಿನಲ್ಲೊಮ್ಮೆ, ಮಗನ ಮನೆಗೆ ಹೋದಾಗ ಬೆಂಗಳೂರಿನಲ್ಲೊಮ್ಮೆ ಪರೀಕ್ಷೆ ಆಗಿರುತ್ತದೆ. ಮೂರೂ ಕಾಗದಗಳು ಒಂದೇ ಕಡೆ ಸೇರಿದ್ದೇ ಇಲ್ಲ.

ವರದಿಯಲ್ಲಿ ನಿಮ್ಮ ಅಂಕಿಯ ಪಕ್ಕದಲ್ಲಿ ‘ಸಾಮಾನ್ಯ ಮಿತಿ’ ಎಂದು ಅಚ್ಚಾಗಿರುತ್ತದೆ. ಸಾಮಾನ್ಯವಾಗಿ 100 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿದರೆ 95 ಮಂದಿ ಒಳಗೆ ಬರುವಂತೆ ಈ ಮಿತಿಯನ್ನು ಗೊತ್ತುಮಾಡುತ್ತಾರೆ. ಉಳಿದ ಐವರೂ ಆರೋಗ್ಯವಂತರೇ. ಆದುದರಿಂದ 20–30 ಪರೀಕ್ಷೆಗಳ ಪ್ಯಾಕೇಜಿನಲ್ಲಿ ಒಂದೆರಡು ಅಂಕಿ ಸ್ವಲ್ಪ ಆಚೀಚೆಯಾದರೆ ನಿದ್ದೆಗೆಡಬೇಕಾಗಿಲ್ಲ. ವೈದ್ಯರಿಗೆ ತೋರಿಸಿದರೆ ಸಾಕು.

ನನ್ನ ಮಟ್ಟಿಗೆ ಇದಕ್ಕಿಂತ ಅಪಾಯದ್ದು ‘ಮಿತಿಯೊಳಗಿದೆ, ಚಿಂತೆಯಿಲ್ಲ’ ಎಂಬ ಧೈರ್ಯ. ಒಂದು ಉದಾಹರಣೆ ನೋಡಿ. ಗಂಡಸರಿಗೆ ಕ್ರಿಯಾಟಿನಿನ್ ಮಿತಿ ಸುಮಾರು 0.7ರಿಂದ 1.3. ಒಬ್ಬರಿಗೆ ಮೊದಲ ವರ್ಷ 0.8, ಮರುವರ್ಷ 1.0, ಮೂರನೆಯ ವರ್ಷ 1.2 ಬಂತೆನ್ನೋಣ. ಮೂರು ಕಾಗದಗಳಲ್ಲೂ ಎಚ್ಚರಿಕೆಯ ಗುರುತಿಲ್ಲ. ಪಕ್ಕಪಕ್ಕ ಇಟ್ಟು ನೋಡಿದರೆ ಅಂಕಿ ಒಂದೂವರೆ ಪಟ್ಟಾಗಿದೆ! ಮಾಂಸದೂಟ, ಮೈಯಲ್ಲಿ ನೀರು ಕಡಿಮೆಯಾದದ್ದು ಇವುಗಳಿಂದಲೂ ಅದು ಏರಬಹುದು. ಮೂತ್ರಪಿಂಡ ಸೋಲುತ್ತಿರುವುದೂ ಕಾರಣವಾಗಿರಬಹುದು. ಯಾವುದೆಂದು ವೈದ್ಯರು ಹೇಳಬೇಕು. ಆದರೆ ಹಳೆಯ ಎರಡು ಕಾಗದ ಮುಂದಿಡದಿದ್ದರೆ ಅವರಿಗೆ ಪ್ರಶ್ನೆಯೇ ಹುಟ್ಟುವುದಿಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಕೊಳವೆ ಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವ ಹಳ್ಳಿಗಳು ಇಲ್ಲಿ ಹಲವು. ಭಾರತೀಯ ಮಾನಕದಂತೆ ಕುಡಿಯುವ ನೀರಿನ ಲೀಟರಿಗೆ 1 ಮಿಲಿಗ್ರಾಂ ಇರಬಹುದು; ಬೇರೆ ನೀರು ಸಿಕ್ಕದಿದ್ದಲ್ಲಿ ಮಾತ್ರ 1.5ರವರೆಗೆ. ಹೆಚ್ಚಿನದನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿದು ನೋಯುತ್ತವೆ. ನೋವಿಗೆಂದು ಅಂಗಡಿಯ ಮಾತ್ರೆ ನುಂಗುತ್ತಾರೆ. ಆ ಮಾತ್ರೆಗಳನ್ನು ಬಹುಕಾಲ ನುಂಗಿದರೆ ಮೂತ್ರಪಿಂಡಕ್ಕೆ ಪೆಟ್ಟು. ಆದುದರಿಂದ ನೀರಿನ ಪರೀಕ್ಷೆಯ ವರದಿಯನ್ನೂ, ನುಂಗಿದ ಮಾತ್ರೆಯ ಹೆಸರನ್ನೂ ರಕ್ತದ ವರದಿಯ ಜೊತೆಯಲ್ಲೇ ಇಡಿ.

ದ್ರಾಕ್ಷಿ, ಟೊಮ್ಯಾಟೊಗಳಿಗೆ ಔಷಧಿ ಹೊಡೆಯುವವರಿಗೆ ಕೋಲಿನೆಸ್ಟರೇಸ್ ಎಂಬ ರಕ್ತಪರೀಕ್ಷೆಯಿದೆ. ಕೆಲವು ಕೀಟನಾಶಕಗಳು ಮೈಗೆ ಸೇರಿದರೆ ಈ ಅಂಕಿ ಇಳಿಯುತ್ತದೆ. ಇದರ ಸಾಮಾನ್ಯ ಮಿತಿ ಬಹಳ ಅಗಲ. ಹೊಡೆಯುವ ಕಾಲಕ್ಕೆ ಮುಂಚೆ ಒಮ್ಮೆ ಮಾಡಿಸಿ ಬರೆದಿಡದಿದ್ದರೆ, ಆಮೇಲೆ ಬಂದ ಅಂಕಿ ಇಳಿದದ್ದೋ ಇದ್ದದ್ದೇ ಅಷ್ಟೋ ತಿಳಿಯುವ ಬಗೆಯಿಲ್ಲ. ಕೂಲಿಯವರಿಂದ ಹೊಡೆಸುವ ಸದಸ್ಯರು ಅವರಿಗೂ ಮಾಡಿಸಿದರೆ ಒಳಿತು.

ಸಕ್ಕರೆ ಕಾಯಿಲೆಯ ಎಚ್‌ಬಿಎ1ಸಿ ಸುಮಾರು ಮೂರು ತಿಂಗಳ ಸರಾಸರಿ ತೋರಿಸುತ್ತದೆ, 6.5 ಅಥವಾ ಮೇಲೆ ಬಂದರೆ ಕಾಯಿಲೆಯ ಲೆಕ್ಕ. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು. ಹಿಮೋಗ್ಲೋಬಿನ್ನನ್ನೂ ಪಕ್ಕದಲ್ಲೇ ಬರೆಯಿರಿ.

ನೂರು ಪುಟದ ನೋಟುಬುಕ್ಕು ಸಾಕು. ತಾರೀಖು, ಲ್ಯಾಬಿನ ಹೆಸರು, ಖಾಲಿ ಹೊಟ್ಟೆಯೋ ಊಟವಾದ ಮೇಲೋ, ಅಂಕಿ, ಅದರ ಮಾನ, ಆ ಲ್ಯಾಬಿನ ಮಿತಿ ಇಷ್ಟನ್ನು ಬರೆದುಕೊಳ್ಳಿ. ಇ.ಸಿ.ಜಿ. ಕಾಗದ ಬೆಳಕಿಗೆ ಮಾಸುತ್ತದೆ. ಲ್ಯಾಮಿನೇಷನ್ ಮಾಡಿಸಿದರೆ ಬಿಸಿಗೆ ಕಪ್ಪಾಗಿಯೇ ಹೋಗುತ್ತದೆ. ಜೆರಾಕ್ಸ್ ತೆಗೆಸಿ. ಆಸ್ಪತ್ರೆಯಲ್ಲಿ ಮಲಗಿದ್ದವರು ದಾಖಲೆ ಕೇಳಲು ಸಂಕೋಚ ಪಡಬೇಡಿ. 2002ರ ವೈದ್ಯಕೀಯ ಮಂಡಳಿಯ ನಿಯಮಗಳಂತೆ, ರೋಗಿ ಕೇಳಿದ 72 ಗಂಟೆಯೊಳಗೆ ಕೊಡತಕ್ಕದ್ದು. ಅವರು ಇಟ್ಟಿರಬೇಕಾದದ್ದು ಮೂರು ವರ್ಷ ಮಾತ್ರ, ಆದ್ದರಿಂದ ತಡಮಾಡಬೇಡಿ. 14 ಅಂಕಿಯ ‘ಆಭಾ’ ಸಂಖ್ಯೆ ಮಾಡಿಸಿಕೊಂಡರೆ ಫೋನಿನಲ್ಲೂ ವರದಿಗಳನ್ನು ಜೋಡಿಸಬಹುದು. ಮಾಡಿಸಿಕೊಳ್ಳಿ, ನೋಟುಬುಕ್ಕನ್ನೂ ಬಿಡಬೇಡಿ. ವಾಟ್ಸಾಪಿನಲ್ಲಿದ್ದ ವರದಿ ಫೋನು ಬದಲಾಯಿಸಿದ ದಿನ ಮಾಯವಾಗುತ್ತದೆ.

ಮೊದಲ ಪುಟದಲ್ಲಿ ಒಗ್ಗದ ಔಷಧಿಗಳ ಹೆಸರನ್ನು ಕೆಂಪು ಶಾಯಿಯಲ್ಲಿ ಬರೆದು, ಪುಸ್ತಕ ಯಾವ ಬೀರುವಿನಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೂ ತಿಳಿಸಿಡಿ.

– ಕಾರ್ಯದರ್ಶಿ